ಟ್ಯಾಪೆಟ್ ಸೆಟ್ಟಿಂಗ್ ಮನೆಯಲ್ಲೇ, ಅದೂ ಮೊದಲ ಸಲ: ತಪ್ಪು ಎಲ್ಲಾಗುತ್ತದೆ, ಹುಡುಕುವುದು ಹೇಗೆ

ಎಂಜಿನ್ ಟಕಟಕ ಅನ್ನುತ್ತಿದೆ. ಟ್ಯಾಪೆಟ್ (ಎಂಜಿನ್ನಿನ ಬಾಗಿಲಿನಂಥ ವಾಲ್ವನ್ನು ಒತ್ತಿ ತೆರೆಯುವ ಸ್ಕ್ರೂ) ಸ್ವಲ್ಪ ಬಿಗಿ ಮಾಡಿದರೆ ಸರಿಹೋಗುತ್ತದೆ ಅಂತ ಯಾರೋ ಹೇಳಿದ್ದಾರೆ. ಸ್ಪಾನರ್ ಎತ್ತಿಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಲಿ. ಸದ್ದು ಮಾಡುವ ಸಡಿಲ ಟ್ಯಾಪೆಟ್ ಎಂಜಿನ್ನನ್ನು ನಿಧಾನವಾಗಿ ಸವೆಸುತ್ತದೆ. ಸದ್ದೇ ಇಲ್ಲದ, ಜಾಸ್ತಿ ಬಿಗಿಯಾದ ಟ್ಯಾಪೆಟ್ ವಾಲ್ವನ್ನು ಬೇಗ ಸುಟ್ಟುಬಿಡುತ್ತದೆ. ಹಾಗಾಗಿ ಸದ್ದು ನಿಲ್ಲುವ ತನಕ ಸ್ಕ್ರೂ ತಿರುಗಿಸುವ ಕೆಲಸ ಬೇಡ. ಇಲ್ಲಿ ಕಿವಿಗಿಂತ ಫೀಲರ್ ಗೇಜನ್ನು, ಅಂದರೆ ಸಂದು ಅಳೆಯುವ ತೆಳು ಬ್ಲೇಡ್‌ಗಳ ಸೆಟ್ಟನ್ನು, ನಂಬಬೇಕು. ಮೊದಲು ಅಳತೆ, ಆಮೇಲೆ ಸ್ಕ್ರೂ.

ಇಲ್ಲಿ ಹೇಳುತ್ತಿರುವುದು ಬಹುಪಾಲು ಒಂದು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ಬಗ್ಗೆ. ಅಂದರೆ ವಾಲ್ವನ್ನು ಒತ್ತುವ ಸನ್ನೆಯಂಥ ರಾಕರ್ ಆರ್ಮ್ ತುದಿಯಲ್ಲಿ ಸಣ್ಣ ಸ್ಕ್ರೂ, ಅದರ ಮೇಲೊಂದು ಲಾಕ್ ನಟ್ ಇರುವಂಥದ್ದು. ಬೈಕು, ಸ್ಕೂಟರು, ಜನರೇಟರು, ಪಂಪ್‌ಸೆಟ್ಟಿನ ಸಣ್ಣ ಎಂಜಿನ್ನುಗಳಲ್ಲಿ ಇದೇ ಸಾಮಾನ್ಯ. ಆಯಿಲ್ ಒತ್ತಡದಿಂದ ತಾನೇ ಸರಿಹೊಂದುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್ನಿನಲ್ಲಿ ಟ್ಯಾಪೆಟ್ ಗ್ಯಾಪ್ ಸೆಟ್ ಮಾಡುವ ಕೆಲಸವೇ ಇರುವುದಿಲ್ಲ. ಸ್ಕ್ರೂ ಬದಲು ಶಿಮ್ (ಗ್ಯಾಪ್ ಹೊಂದಿಸುವ ಲೋಹದ ಸಣ್ಣ ಬಿಲ್ಲೆ) ಹಾಕುವ ಎಂಜಿನ್ ಬಗ್ಗೆ ಕೊನೆಗೆ ಎರಡು ಮಾತು ಹೇಳುತ್ತೇನೆ.

ಸಡಿಲವೋ ಬಿಗಿಯೋ

ರಾಕರ್ ಆರ್ಮ್‌ಗೂ ವಾಲ್ವಿನ ತಲೆಗೂ ನಡುವೆ ಕೂದಲೆಳೆಯಷ್ಟು ಗ್ಯಾಪ್ ಇರಬೇಕು. ಸಣ್ಣ ಎಂಜಿನ್ನುಗಳಲ್ಲಿ ಇನ್‌ಲೆಟ್‌ಗೆ (ಗಾಳಿ-ಪೆಟ್ರೋಲ್ ಒಳಬಿಡುವ ವಾಲ್ವು) 0.05ರಿಂದ 0.10 ಮಿಮೀ, ಎಕ್ಸಾಸ್ಟ್‌ಗೆ (ಹೊಗೆ ಹೊರಬಿಡುವ ವಾಲ್ವು) ಅಷ್ಟೇ ಅಥವಾ ಅದಕ್ಕಿಂತ ಒಂದಿಷ್ಟು ಜಾಸ್ತಿ ಇರುವುದು ಸಾಮಾನ್ಯ. ನಿಮ್ಮ ಎಂಜಿನ್ನಿಗೆ ಸರಿಯಾದ ಅಂಕಿ ಅದರ ಮ್ಯಾನ್ಯುಯಲ್‌ನಲ್ಲಿದೆ. ಪಕ್ಕದ ಬೈಕಿನ ಅಂಕಿ ತಂದು ಇಲ್ಲಿಗೆ ಹಾಕಬೇಡಿ.

ಈ ಗ್ಯಾಪ್ ಜಾಸ್ತಿಯಾದರೆ ರಾಕರ್ ಬಂದು ವಾಲ್ವಿಗೆ ಬಡಿಯುತ್ತದೆ. ಅದೇ ಟಕಟಕ. ವಾಲ್ವು ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ತೆರೆಯುವುದೂ ಸ್ವಲ್ಪ ಕಮ್ಮಿ. ಪಿಕಪ್ ಒಂದಿಷ್ಟು ಕುಂದುತ್ತದೆ, ಆದರೆ ಗಾಡಿ ಓಡುತ್ತದೆ.

ಗ್ಯಾಪ್ ಕಮ್ಮಿಯಾದರೆ ಕಥೆ ಬೇರೆ. ಎಂಜಿನ್ ಕಾದಾಗ ವಾಲ್ವು ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ. ಎಕ್ಸಾಸ್ಟ್ ವಾಲ್ವು ನೂರಾರು ಡಿಗ್ರಿ ಬಿಸಿಯಲ್ಲಿ ಕೆಲಸ ಮಾಡುತ್ತದೆ. ಆ ಬಿಸಿಯ ಹೆಚ್ಚು ಪಾಲು ಇಳಿದುಹೋಗುವುದು ವಾಲ್ವು ತನ್ನ ಸೀಟಿನ ಮೇಲೆ ಕೂತಿರುವ ಹೊತ್ತಿನಲ್ಲಿ. ಸರಿಯಾಗಿ ಕೂರಲು ಬಿಡದಿದ್ದರೆ ಅಂಚು ಸುಡುತ್ತದೆ, ಕಂಪ್ರೆಷನ್ (ಸಿಲಿಂಡರಿನೊಳಗೆ ಒತ್ತಿದ ಗಾಳಿಯ ಒತ್ತಡ) ಸೋರುತ್ತದೆ. ಇದರ ಲಕ್ಷಣಗಳು ಸದ್ದಿಲ್ಲದೆ ಬರುತ್ತವೆ. ತಣ್ಣಗಿದ್ದಾಗ ಸ್ಟಾರ್ಟ್ ಆಗುವ ಗಾಡಿ ಬಿಸಿಯಾದ ಮೇಲೆ ಒದ್ದಾಡುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಐಡ್ಲಿಂಗ್ ಇಳಿದು ಆಫ್ ಆಗುತ್ತದೆ. ಕಿಕ್ಕರ್ ಮೊದಲಿಗಿಂತ ಹಗುರವಾಗಿ ಕೆಳಗಿಳಿಯುತ್ತದೆ. ಇನ್‌ಲೆಟ್ ಬಿಗಿಯಾಗಿದ್ದರೆ ಕಾರ್ಬೊರೇಟರ್ ಕಡೆಯಿಂದ ಆಗಾಗ ಪುಸ್ ಅಂತ ಉಗುಳಬಹುದು.

ಇನ್ನೊಂದು ಮಾತು. ಗಾಡಿ ಓಡಿದಂತೆಲ್ಲ ಟ್ಯಾಪೆಟ್ ಸಡಿಲ ಆಗುತ್ತಲೇ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಅರ್ಧ ಸತ್ಯ. ರಾಕರ್, ಅದನ್ನು ತಳ್ಳುವ ಕ್ಯಾಮ್, ಸ್ಕ್ರೂ ತುದಿ ಸವೆದರೆ ಗ್ಯಾಪ್ ಹೆಚ್ಚುತ್ತದೆ. ವಾಲ್ವು ತನ್ನ ಸೀಟನ್ನೇ ಸವೆಸಿ ಒಳಗೆ ಕೂರುತ್ತಾ ಹೋದರೆ ಗ್ಯಾಪ್ ಕಮ್ಮಿಯಾಗುತ್ತದೆ. ಎರಡನೆಯದು ಕಿವಿಗೆ ಬೀಳುವುದೇ ಇಲ್ಲ ಅನ್ನುವುದೇ ತೊಂದರೆ.

ಆ ಸದ್ದು ನಿಜವಾಗಿ ಟ್ಯಾಪೆಟ್‌ದಾ?

ಕವರ್ ಬಿಚ್ಚುವ ಮೊದಲು ಇದನ್ನು ನೋಡಿ. ಕ್ಯಾಮ್ ಶಾಫ್ಟು ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ಶಾಫ್ಟಿನ) ಅರ್ಧ ವೇಗದಲ್ಲಿ ತಿರುಗುತ್ತದೆ. 1400 ಆರ್‌ಪಿಎಂ ಐಡ್ಲಿಂಗಿನಲ್ಲಿ ಒಂದು ವಾಲ್ವು ನಿಮಿಷಕ್ಕೆ 700 ಸಲ ಬಡಿಯುತ್ತದೆ. ಆಕ್ಸಿಲರೇಟರ್ ಕೊಟ್ಟಂತೆ ಸದ್ದೂ ಅದೇ ಲೆಕ್ಕದಲ್ಲಿ ಏರಬೇಕು. ಆದರೆ ಲಯ ನೋಡಿ ಮಾತ್ರ ತೀರ್ಮಾನಕ್ಕೆ ಬರಬೇಡಿ. ಸೈಲೆನ್ಸರ್ ಬೆಂಡ್ ಪೈಪಿನ ಬುಡದಲ್ಲಿ ಗ್ಯಾಸ್ಕೆಟ್ ಸೋರುತ್ತಿದ್ದರೆ ಅದೂ ಎರಡು ಸುತ್ತಿಗೆ ಒಂದು ಸಲ ಚಟ್ ಅನ್ನುತ್ತದೆ. ಇಂಜೆಕ್ಟರ್ ಇರುವ ಗಾಡಿಯಲ್ಲಿ ಅದೂ ಸಾಮಾನ್ಯವಾಗಿ ಅದೇ ಲಯದಲ್ಲಿ ಟಿಕ್ ಟಿಕ್ ಅನ್ನುತ್ತದೆ, ಮತ್ತು ಅದು ದೋಷವೇ ಅಲ್ಲ.

ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ತುದಿಯನ್ನು ಟ್ಯಾಪೆಟ್ ಕವರಿಗೆ ಇಟ್ಟು ಹಿಡಿಕೆಯನ್ನು ಕಿವಿಗೆ ಒತ್ತಿ. ಆಮೇಲೆ ಟೈಮಿಂಗ್ ಚೈನ್ ಇರುವ ಪಕ್ಕಕ್ಕೆ, ಆಮೇಲೆ ಸಿಲಿಂಡರ್ ಬ್ಲಾಕಿಗೆ. ತಿರುಗುವ ಭಾಗಗಳಿಂದ ಬಟ್ಟೆ, ಕೂದಲು ದೂರ ಇರಲಿ. ಟ್ಯಾಪೆಟ್ ಕವರಿನಲ್ಲಿ ಚೂಪಾಗಿ ಕೇಳಿಸಿದರೆ ಹಾದಿ ಸರಿ ಇದೆ. ಚೈನ್ ಪಕ್ಕದಲ್ಲಿ ಗರಗರ ಜಾಸ್ತಿ ಇದ್ದರೆ, ಅದರಲ್ಲೂ ಆಕ್ಸಿಲರೇಟರ್ ಬಿಟ್ಟಾಗ ಜಾಸ್ತಿಯಾದರೆ, ಟೈಮಿಂಗ್ ಚೈನ್ ಅಥವಾ ಟೆನ್ಷನರ್ ನೋಡಬೇಕು. ಬೆಂಡ್ ಪೈಪಿನ ಬುಡದಲ್ಲಿ ಕಪ್ಪು ಮಸಿ ಕಂಡರೆ, ಎಂಜಿನ್ ಬಿಸಿಯಾದಂತೆ ಸದ್ದು ಕಮ್ಮಿಯಾಗುತ್ತಿದ್ದರೆ, ಅದು ಗ್ಯಾಸ್ಕೆಟ್ ಸೋರಿಕೆ. ಇವೆರಡನ್ನೂ ಟ್ಯಾಪೆಟ್ ಸ್ಕ್ರೂ ತಿರುಗಿಸಿ ಸರಿಮಾಡಲು ಆಗುವುದಿಲ್ಲ.

ಎಂಜಿನ್ ಆಯಿಲ್ ಲೆವೆಲ್ ನೋಡಿದ್ದೀರಾ? ಆಯಿಲ್ ಕಮ್ಮಿಯಿದ್ದರೂ ಮೇಲುಗಡೆ ಟಕಟಕ ಬರುತ್ತದೆ. ಇದನ್ನು ನೋಡಲು ಒಂದು ನಿಮಿಷ ಸಾಕು.

ತಣ್ಣಗಾಗಲಿ

ಮ್ಯಾನ್ಯುಯಲ್ ಕೊಟ್ಟಿರುವ ಅಂಕಿ ಸಾಮಾನ್ಯವಾಗಿ ತಣ್ಣಗಿರುವ ಎಂಜಿನ್ನಿಗೆ. ಹಲವು ಕಂಪನಿಗಳು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅಂತ ಸ್ಪಷ್ಟವಾಗಿ ಬರೆಯುತ್ತವೆ. ಮುಟ್ಟಿದರೆ ಬೆಚ್ಚಗಿಲ್ಲ ಅನ್ನುವುದು ಸಾಲದು, ಒಳಗಿನ ಲೋಹ ನಿಧಾನವಾಗಿ ತಣಿಯುತ್ತದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮಾಡುವುದೇ ಒಳ್ಳೆಯದು. ಬಿಸಿಯಲ್ಲೇ ಸೆಟ್ ಮಾಡಬೇಕಾದ ಹಳೆಯ ಎಂಜಿನ್ನುಗಳೂ ಇವೆ, ಆದರೆ ಅದನ್ನು ಅವುಗಳ ಮ್ಯಾನ್ಯುಯಲ್ಲೇ ಹೇಳುತ್ತದೆ.

ಕವರ್ ಬಿಚ್ಚುವ ಮೊದಲು ಸುತ್ತಲಿನ ಮಣ್ಣು, ಮರಳು ಒರೆಸಿ. ಬಿಚ್ಚಿದ ಮೇಲೆ ಒಳಗೆ ಚೈನ್ ಇಳಿಯುವ ಬಾವಿಯಂಥ ಜಾಗ ಕಂಡರೆ ಅದಕ್ಕೆ ಶುಭ್ರ ಬಟ್ಟೆ ತುರುಕಿ. ಒಂದು ನಟ್ ಅದರೊಳಗೆ ಬಿದ್ದರೆ ಅರ್ಧ ಗಂಟೆಯ ಕೆಲಸ ಎರಡು ದಿನ ಹಿಡಿಯುತ್ತದೆ. ಮುಚ್ಚುವಾಗ ಆ ಬಟ್ಟೆ ತೆಗೆಯುವುದನ್ನೂ ಮರೆಯಬಾರದು ಅಲ್ವಾ.

ಟಿಡಿಸಿ: ಮೊದಲ ಸಲದವರು ಎಡವುವುದು ಇಲ್ಲೇ

ಮೊದಲ ಸಲ ಮಾಡುವವರ ತಪ್ಪುಗಳಲ್ಲಿ ದೊಡ್ಡ ಪಾಲು ಈ ಹಂತದ್ದು. ಹಾಗಾಗಿ ಇಲ್ಲಿ ಅವಸರ ಬೇಡ.

ಪಿಸ್ಟನ್ ಅತಿ ಮೇಲೆ ಬರುವ ಜಾಗಕ್ಕೆ ಟಿಡಿಸಿ ಅನ್ನುತ್ತಾರೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ. ಒಂದು ಕಂಪ್ರೆಷನ್ ಕೊನೆಯಲ್ಲಿ, ಇನ್ನೊಂದು ಹೊಗೆ ಹೊರಹಾಕುವ ಹೊಡೆತದ ಕೊನೆಯಲ್ಲಿ. ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಮ್ಯಾಗ್ನೆಟ್ ಮೇಲಿನ 'ಟಿ' ಗುರುತು ಎರಡೂ ಸಲ ಸರಿಯಾಗಿ ಕವರಿನ ಕಿಂಡಿಗೆ ಬರುತ್ತದೆ. ಗುರುತು ಬಂತು ಅಂದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನಮಗೆ ಬೇಕಾದದ್ದು ಕಂಪ್ರೆಷನ್ ಕೊನೆಯ ಟಿಡಿಸಿ ಮಾತ್ರ. ಆಗ ಎರಡೂ ವಾಲ್ವು ಪೂರ್ತಿ ಮುಚ್ಚಿರುತ್ತವೆ. ಇನ್ನೊಂದರಲ್ಲಿ ಎಕ್ಸಾಸ್ಟ್ ಮುಚ್ಚುತ್ತಿರುತ್ತದೆ, ಇನ್‌ಲೆಟ್ ತೆರೆಯಲು ಶುರುವಾಗಿರುತ್ತದೆ, ಎರಡೂ ಒಂದಿಷ್ಟು ತೆರೆದೇ ಇರುತ್ತವೆ.

'ಟಿ' ಪಕ್ಕದಲ್ಲೇ 'ಎಫ್' ಅನ್ನುವ ಗುರುತೂ ಇರಬಹುದು. ಅದು ಕಿಡಿ ಹಾರುವ ಸಮಯದ್ದು. ಟಾರ್ಚ್ ಹಾಕಿ ಸರಿಯಾಗಿ ಓದಿ.

ಪ್ಲಗ್ ಬಿಚ್ಚಿಬಿಡಿ. ಎಂಜಿನ್ ಕೈಯಲ್ಲಿ ಸುಲಭವಾಗಿ ತಿರುಗುತ್ತದೆ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಕೀ ತೆಗೆದಿಟ್ಟು, ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಎಂಜಿನ್ ತಾನು ಓಡುವ ದಿಕ್ಕಿಗೇ ತಿರುಗುತ್ತದೆ. ದಿಕ್ಕಿನ ಗೊಂದಲವೇ ಇಲ್ಲ. ಗೇರ್ ಇಲ್ಲದ ಸ್ಕೂಟರಿನಲ್ಲಿ ಮ್ಯಾಗ್ನೆಟ್ ನಟ್ಟಿಗೆ ಸ್ಪಾನರ್ ಹಾಕಿ ತಿರುಗಿಸಬೇಕು, ದಿಕ್ಕನ್ನು ಮ್ಯಾನ್ಯುಯಲ್‌ನಲ್ಲಿ ನೋಡಿ.

ಈಗ ಇನ್‌ಲೆಟ್ ರಾಕರ್ ಮೇಲೆ ಕಣ್ಣಿಡಿ. ಅಂದರೆ ಕಾರ್ಬೊರೇಟರ್ ಕಡೆಯದು. ಅದು ಕೆಳಗಿಳಿಯುತ್ತದೆ, ಮತ್ತೆ ಮೇಲೆ ಬರುತ್ತದೆ. ಮೇಲೆ ಬಂದು ನಿಂತ ಮೇಲೆ ನಿಧಾನವಾಗಿ ತಿರುಗಿಸುತ್ತಾ ಹೋಗಿ. ಆಮೇಲೆ ಮೊದಲು ಸಿಗುವ 'ಟಿ' ಗುರುತೇ ನಮಗೆ ಬೇಕಾದದ್ದು. ಅನುಮಾನ ಇದ್ದರೆ ಆಗ ಪ್ಲಗ್ ತೂತಿಗೆ ಹೆಬ್ಬೆರಳು ಇಟ್ಟು ನೋಡಿ, ಗಾಳಿ ಬೆರಳನ್ನು ತಳ್ಳಬೇಕು. ಗುರುತು ಕೂಡಿದ ಮೇಲೆ ಎರಡೂ ರಾಕರ್ ತುದಿಗಳನ್ನು ಬೆರಳಲ್ಲಿ ಅಲ್ಲಾಡಿಸಿ. ಎರಡರಲ್ಲೂ ಸಣ್ಣ ಆಟ ಸಿಗಬೇಕು. ಒಂದೂ ಅಲ್ಲಾಡದಿದ್ದರೆ ನೀವು ಬೇರೆ ಟಿಡಿಸಿಯಲ್ಲಿ ಇರಬಹುದು, ಅಥವಾ ಎರಡೂ ನಿಜವಾಗಿ ಬಿಗಿ ಇರಬಹುದು. ಪೂರ್ತಿ ಒಂದು ಸುತ್ತು ಮುಂದಕ್ಕೆ ತಿರುಗಿಸಿ ಮತ್ತೆ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಗುರುತು ದಾಟಿಹೋದರೆ ಹಿಂದಕ್ಕೆ ತಿರುಗಿಸಬೇಡಿ. ಇನ್ನೂ ಎರಡು ಸುತ್ತು ಮುಂದಕ್ಕೆ ತಿರುಗಿಸಿಯೇ ಬನ್ನಿ. ಕೆಲವು ಎಂಜಿನ್ನುಗಳ ಕ್ಯಾಮ್ ಮೇಲೆ ಕಂಪ್ರೆಷನ್ ತಗ್ಗಿಸಿ ಸ್ಟಾರ್ಟ್ ಹಗುರ ಮಾಡುವ ಡಿಕಂಪ್ರೆಸರ್ ಇರುತ್ತದೆ. ಹಿಂದಕ್ಕೆ ತಿರುಗಿಸಿದರೆ ಅದು ಎಕ್ಸಾಸ್ಟ್ ವಾಲ್ವನ್ನು ಒಂದಿಷ್ಟು ಎತ್ತಿ ಹಿಡಿಯಬಹುದು. ಆಗ ಸರಿಯಿರುವ ಗ್ಯಾಪ್ ಇಲ್ಲವೇ ಇಲ್ಲ ಅನ್ನಿಸುತ್ತದೆ, ನೀವು ಸಡಿಲ ಮಾಡುತ್ತೀರಿ, ಕೆಟ್ಟುಹೋಗುತ್ತದೆ.

ಮುಟ್ಟುವ ಮೊದಲು ಬರೆದಿಡಿ

ಲಾಕ್ ನಟ್ ಸಡಿಲಿಸಬೇಡಿ, ಇನ್ನೂ ಬೇಡ. ಮೊದಲು ಈಗಿರುವ ಗ್ಯಾಪ್ ಎಷ್ಟು ಅಂತ ಅಳೆದು ಚೀಟಿಯಲ್ಲಿ ಬರೆಯಿರಿ. ಇನ್‌ಲೆಟ್ ಇಷ್ಟು, ಎಕ್ಸಾಸ್ಟ್ ಇಷ್ಟು. ಎರಡೂ ಮ್ಯಾನ್ಯುಯಲ್ ಹೇಳಿದ ಮಿತಿಯೊಳಗೇ ಇದ್ದರೆ ಕವರ್ ಮುಚ್ಚಿ. ಸದ್ದು ಹೆಚ್ಚಾಗಿ ಬೇರೆ ಕಡೆಯದು. ಸರಿಯಿದ್ದದ್ದನ್ನು ಸುಮ್ನೆ ಕೆದಕುವುದರಲ್ಲಿ ಏನೂ ಲಾಭ ಇಲ್ಲ. ಆ ಚೀಟಿಯನ್ನು ಎಸೆಯಬೇಡಿ, ಮುಂದಿನ ಸಲದ ಅಂಕಿಯ ಜೊತೆ ಹೋಲಿಸಿದಾಗಲೇ ಅದರ ಬೆಲೆ ಗೊತ್ತಾಗುವುದು.

ಫೀಲರ್ ಗೇಜಿನ ಬ್ಲೇಡ್ ಒರೆಸಿ, ತೆಳುವಾಗಿ ಆಯಿಲ್ ಸವರಿ, ಸ್ಕ್ರೂ ತುದಿ ಮತ್ತು ವಾಲ್ವಿನ ತಲೆಯ ನಡುವೆ ನೇರವಾಗಿ ತೂರಿಸಿ. ಓರೆಯಾಗಿ ಹೋದರೆ ಬ್ಲೇಡ್ ಬಾಗಿ, ಗ್ಯಾಪ್ ಇರುವುದಕ್ಕಿಂತ ಬಿಗಿ ಅನ್ನಿಸುತ್ತದೆ. ಭಾರದ ಪುಸ್ತಕದ ಅಡಿಯಿಂದ ಒಂದು ಹಾಳೆ ಎಳೆದಾಗ ಆಗುವಷ್ಟು ತಡೆ ಕೈಗೆ ಸಿಗಬೇಕು. ಈ ತಡೆ ಎಷ್ಟು ಅನ್ನುವುದು ಮೊದಲ ಸಲ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ನಂಬಿಕೆಯ ದಾರಿ ಎಂದರೆ ಎರಡು ಬ್ಲೇಡ್ ಪರೀಕ್ಷೆ. ಬೇಕಾದ ಗ್ಯಾಪ್ 0.08 ಅಂದುಕೊಳ್ಳಿ. 0.07ರ ಬ್ಲೇಡ್ ಸಲೀಸಾಗಿ ಹೋಗಬೇಕು, 0.09ರ ಬ್ಲೇಡ್ ಹೋಗಲೇಬಾರದು. ಎರಡೂ ನಿಜವಾದರೆ ನಡುವಿನ ಅನುಭವದ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಇಂಚಿನ ಗೇಜ್ ಇದ್ದರೆ 0.002 ಇಂಚು ಅಂದರೆ 0.05 ಮಿಮೀ, 0.003 ಅಂದರೆ 0.076, 0.004 ಅಂದರೆ 0.10. ಬ್ಲೇಡ್ ಮೇಲೆ ಎರಡೂ ಅಂಕಿ ಅಚ್ಚಾಗಿದ್ದರೆ ಯಾವುದನ್ನು ಓದುತ್ತಿದ್ದೀರಿ ಅಂತ ಎರಡು ಸಲ ನೋಡಿ.

ಲಾಕ್ ನಟ್ ಮಾಡುವ ಮೋಸ

ಗ್ಯಾಪ್ ಸೆಟ್ ಮಾಡಿ, ಖುಷಿಯಿಂದ ನಟ್ ಬಿಗಿದು, ಮತ್ತೆ ಅಳೆದರೆ ಅಂಕಿ ಬದಲಾಗಿರುತ್ತದೆ. ನಟ್ ತಿರುಗುವಾಗ ಸ್ಕ್ರೂ ಕೂಡ ಅದರ ಜೊತೆ ತಿರುಗಿ ಗ್ಯಾಪ್ ಕಮ್ಮಿಯಾಗಬಹುದು. ಅಥವಾ ನಟ್ ಸ್ಕ್ರೂವನ್ನು ಥ್ರೆಡ್ಡಿನ ಸಂದಿನಷ್ಟು ಮೇಲಕ್ಕೆಳೆದು ಗ್ಯಾಪ್ ಜಾಸ್ತಿಯಾಗಬಹುದು. ಒಂದು ಕೈಯಲ್ಲಿ ಸ್ಕ್ರೂ ತಲೆಯನ್ನು ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ನಟ್ ಬಿಗಿಯಿರಿ. ಬ್ಲೇಡ್ ನಡುವೆಯೇ ಇರಲಿ. ಆಮೇಲೂ ಬದಲಾದರೆ ಎಷ್ಟು ಬದಲಾಗುತ್ತದೆ ಅಂತ ನೋಡಿ, ಅಷ್ಟನ್ನು ಮೊದಲೇ ಬಿಟ್ಟು ಸೆಟ್ ಮಾಡಿ.

ಸ್ಕ್ರೂ ಎಷ್ಟು ತಿರುಗಿಸಬೇಕು ಅನ್ನುವ ಅಂದಾಜು ಇದ್ದರೆ ಕೆಲಸ ಸುಲಭ. ಸ್ಕ್ರೂವಿನ ಪಿಚ್ 0.5 ಮಿಮೀ ಆಗಿದ್ದರೆ ಪೂರ್ತಿ ಒಂದು ಸುತ್ತಿಗೆ 0.5 ಮಿಮೀ. 0.05 ಮಿಮೀ ಬದಲಾಗಲು ಸುತ್ತಿನ ಹತ್ತನೇ ಒಂದು ಭಾಗ ಸಾಕು. ಅಂದರೆ ಗಡಿಯಾರದಲ್ಲಿ 6 ನಿಮಿಷದಷ್ಟು. ಕಾಲು ಸುತ್ತು ತಿರುಗಿಸಿದವರು ಈಗಾಗಲೇ ತುಂಬಾ ದೂರ ಹೋಗಿದ್ದಾರೆ.

ನಟ್ ಅತಿಯಾಗಿ ಬಿಗಿದರೆ ಥ್ರೆಡ್ ಹೋಗುತ್ತದೆ, ಕಮ್ಮಿ ಬಿಗಿದರೆ ಓಡುವಾಗ ಬಿಚ್ಚಿಕೊಳ್ಳುತ್ತದೆ. ಟಾರ್ಕ್ (ಬಿಗಿಯುವ ಬಲ) ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಉದ್ದ ಹಿಡಿಕೆಯ ಸ್ಪಾನರ್ ಇಲ್ಲಿ ಬೇಡ.

ಎಲ್ಲ ಆದ ಮೇಲೆ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಮತ್ತೆ ಕಂಪ್ರೆಷನ್ ಟಿಡಿಸಿಗೆ ತಂದು, ಮತ್ತೊಮ್ಮೆ ಅಳೆಯಿರಿ. ಈ ಎರಡನೇ ಅಳತೆಯೇ ನಿಜವಾದ ಅಳತೆ.

ಮುಚ್ಚಿದ ಮೇಲೆ ಬರುವ ತೊಂದರೆಗಳು

ಸ್ಟಾರ್ಟೇ ಆಗುತ್ತಿಲ್ಲ. ಮೊದಲು ಬೇರೆ ಏನನ್ನೂ ಬಿಚ್ಚಬೇಡಿ. ಪ್ಲಗ್ ಕ್ಯಾಪ್ ಹಾಕಿದ್ದೀರಾ? ಟ್ಯಾಂಕ್ ತೆಗೆದಿದ್ದರೆ ಪೆಟ್ರೋಲ್ ಪೈಪ್, ವ್ಯಾಕ್ಯೂಮ್ ಪೈಪ್, ಸೆನ್ಸರಿನ ಕನೆಕ್ಟರ್ ವಾಪಸ್ ಕೂತಿವೆಯಾ? ಮೊದಲ ಸಲ ಮಾಡುವವರಲ್ಲಿ ಇವೇ ಜಾಸ್ತಿ. ಇವೆಲ್ಲ ಸರಿಯಿದ್ದು ಕಿಕ್ಕರ್ ಹಗುರವಾಗಿ ಇಳಿಯುತ್ತಿದ್ದರೆ, ಅಥವಾ ಸೆಲ್ಫ್ ಮೋಟಾರ್ ತಡೆಯೇ ಇಲ್ಲದ ಹಾಗೆ ಗಿರ್ ಅಂತ ತಿರುಗುತ್ತಿದ್ದರೆ, ಕಂಪ್ರೆಷನ್ ಇಲ್ಲ. ವಾಲ್ವು ಬಿಗಿಯಾಗಿ ತೆರೆದೇ ಇದೆ. ಮತ್ತೆ ಅಳೆಯಿರಿ.

ಸದ್ದು ಮೊದಲಿಗಿಂತ ಎಷ್ಟೋ ಜಾಸ್ತಿಯಾಗಿದೆ, ತಗಡು ಬಡಿದ ಹಾಗಿದೆ, ಪಿಕಪ್ ಇಲ್ಲ. ತಕ್ಷಣ ಆಫ್ ಮಾಡಿ. ಇದು ತಪ್ಪು ಟಿಡಿಸಿಯಲ್ಲಿ ಸೆಟ್ ಮಾಡಿದ್ದರ ಗುರುತು. ಅಲ್ಲಿ ವಾಲ್ವುಗಳು ಆಗಲೇ ಸ್ವಲ್ಪ ತೆರೆದಿರುತ್ತವೆ, ರಾಕರ್ ಬಿಗಿಯಾಗಿ ಕೂತಿರುತ್ತದೆ. ಬ್ಲೇಡ್ ತೂರಲಿ ಅಂತ ಸ್ಕ್ರೂ ಬಿಚ್ಚುತ್ತಾ ಹೋಗುತ್ತೀರಿ. ವಾಲ್ವು ನಿಜವಾಗಿ ಮುಚ್ಚಿದಾಗ ಅಲ್ಲಿ ಬೇಕಾದ ಗ್ಯಾಪಿನ ಎಷ್ಟೋ ಪಟ್ಟು ಉಳಿಯುತ್ತದೆ. ಪುಶ್ ರಾಡ್ (ಕೆಳಗಿನ ಕ್ಯಾಮ್‌ನಿಂದ ರಾಕರನ್ನು ತಳ್ಳುವ ಕಡ್ಡಿ) ಇರುವ ಎಂಜಿನ್ ಆದರೆ ರಾಡ್ ತನ್ನ ಜಾಗದಿಂದ ಜಾರುವ ಅಪಾಯವೂ ಇದೆ. ಲಾಕ್ ನಟ್ ಬಿಚ್ಚಿಕೊಂಡಿದ್ದರೂ ಇದೇ ಸದ್ದು. ಆದರೆ ಅದು ಶುರುವಿನಲ್ಲಿ ಸುಮ್ಮನಿದ್ದು, ಓಡಿದ ಸ್ವಲ್ಪ ಹೊತ್ತಿಗೆ ದಿಢೀರನೆ ಶುರುವಾಗುತ್ತದೆ. ಈ ವ್ಯತ್ಯಾಸ ನೆನಪಿದ್ದರೆ ಕವರ್ ಬಿಚ್ಚುವ ಮೊದಲೇ ಕಾರಣ ಗೊತ್ತಾಗಿರುತ್ತದೆ.

ಗ್ಯಾಪ್ ಸರಿಯಿದೆ, ಸದ್ದು ಹಾಗೇ ಇದೆ. ಸ್ಕ್ರೂ ತುದಿಯನ್ನು ಟಾರ್ಚ್ ಹಾಕಿ ನೋಡಿ. ವಾಲ್ವು ಬಡಿದು ಬಡಿದು ಸಣ್ಣ ಗುಳಿ ಬಿದ್ದಿದ್ದರೆ ಚಪ್ಪಟೆ ಬ್ಲೇಡ್ ಆ ಗುಳಿಯ ಅಂಚಿನ ಮೇಲೇ ಕೂರುತ್ತದೆ. ಗುಳಿಯ ಆಳ ಅಳತೆಗೆ ಸಿಗುವುದೇ ಇಲ್ಲ. ಗೇಜ್ 0.08 ಅನ್ನುತ್ತದೆ, ನಿಜವಾದ ಗ್ಯಾಪ್ ಇನ್ನೂ ಜಾಸ್ತಿ. ಸ್ಕ್ರೂ ಬದಲಿಸಬೇಕು. ರಾಕರನ್ನು ಪಕ್ಕಕ್ಕಲ್ಲ, ಮೇಲೆ ಕೆಳಗೆ ಅಲ್ಲಾಡಿಸಿದಾಗ ಶಾಫ್ಟಿನ ಹತ್ತಿರವೇ ಆಟ ಕಂಡರೆ ಶಾಫ್ಟ್ ಅಥವಾ ರಾಕರ್ ಸವೆದಿದೆ. ಕ್ಯಾಮ್ ಮೇಲೆ ಗೀರು, ಹೊಂಡ ಕಂಡರೂ ಅಷ್ಟೇ. ಇವು ಸೆಟ್ಟಿಂಗಿನಿಂದ ಹೋಗುವ ತೊಂದರೆಗಳಲ್ಲ. ಗಾಳಿಯಿಂದ ತಣಿಯುವ ಎಂಜಿನ್ನುಗಳಲ್ಲಿ ಸರಿಯಾದ ಗ್ಯಾಪಿನಲ್ಲೂ ಸಣ್ಣಗೆ ಟಿಕ್ ಟಿಕ್ ಇದ್ದೇ ಇರುತ್ತದೆ. ಅದಕ್ಕೆ ಮದ್ದು ಹುಡುಕಬೇಡಿ.

ಬಿಸಿಯಾದ ಮೇಲೆ ಆಫ್ ಆಗುತ್ತಿದೆ. ಎಂಜಿನ್ ತುಂಬಾ ಮೆತ್ತಗೆ, ಸದ್ದಿಲ್ಲದೆ ಓಡುತ್ತಿದೆ ಅಂತ ಖುಷಿಪಟ್ಟಿದ್ದರೆ ಅನುಮಾನಪಡಿ. ತಣ್ಣಗಾಗಲು ಬಿಟ್ಟು ಎಕ್ಸಾಸ್ಟ್ ಗ್ಯಾಪ್ ಮೊದಲು ನೋಡಿ. ಕೊಟ್ಟ ಮಿತಿಯೊಳಗೆ ಹೆಚ್ಚಿನ ಕಡೆಗೆ ಇಡುವುದು ನನ್ನ ಆಯ್ಕೆ. 0.08ರಿಂದ 0.12 ಅಂತ ಇದ್ದರೆ 0.12ರ ಹತ್ತಿರ. ಸದ್ದು ಒಂದು ಕೂದಲಷ್ಟು ಹೆಚ್ಚಲಿ, ವಾಲ್ವು ಉಳಿಯಲಿ.

ಗ್ಯಾಪ್ ಸರಿಮಾಡಿದರೂ ಕಂಪ್ರೆಷನ್ ಇನ್ನೂ ಕಮ್ಮಿ. ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಕಂಪ್ರೆಷನ್ ಗೇಜಿನಲ್ಲಿ ನೋಡಿ. ಅಂಕಿ ಗಣನೀಯವಾಗಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ಹೆಚ್ಚಾಗಿ ವಾಲ್ವಿನದೇ ತೊಂದರೆ, ಬಹುಶಃ ಆಗಲೇ ಸುಟ್ಟಿದೆ. ಕಂಪ್ರೆಸರ್ ಇದ್ದವರು ಕಂಪ್ರೆಷನ್ ಟಿಡಿಸಿಯಲ್ಲಿ ಪ್ಲಗ್ ತೂತಿನಿಂದ ಗಾಳಿ ಕೊಟ್ಟು ಕಿವಿಗೊಡಬಹುದು. ಸೈಲೆನ್ಸರಿನಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವು, ಏರ್ ಫಿಲ್ಟರ್ ಕಡೆ ಅಂದರೆ ಇನ್‌ಲೆಟ್, ಆಯಿಲ್ ಹಾಕುವ ಬಾಯಲ್ಲಿ ಅಂದರೆ ರಿಂಗ್. ಗಾಳಿಯ ಒತ್ತಡಕ್ಕೆ ಎಂಜಿನ್ ದಿಢೀರನೆ ತಿರುಗಬಹುದು, ಆದ್ದರಿಂದ ಮ್ಯಾಗ್ನೆಟ್ ನಟ್ಟಿನ ಮೇಲೆ ಸ್ಪಾನರ್ ಬಿಟ್ಟಿರಬೇಡಿ, ಚಕ್ರದಲ್ಲಿ ಕೈ ಇಡಬೇಡಿ.

ಆಯಿಲ್ ಜಿನುಗುತ್ತಿದೆ. ಹಳೆಯ ಓ-ರಿಂಗ್ ಗಟ್ಟಿಯಾಗಿದೆ, ಅಥವಾ ಗ್ಯಾಸ್ಕೆಟ್ ತನ್ನ ಹಳ್ಳದಿಂದ ಜಾರಿ ಮಡಿಚಿಕೊಂಡಿದೆ. ಬೋಲ್ಟನ್ನು ಇನ್ನಷ್ಟು ಬಿಗಿಯುವುದು ಉತ್ತರ ಅಲ್ಲ. 6 ಮಿಮೀ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು, ಅಲ್ಯೂಮಿನಿಯಂ ಥ್ರೆಡ್ ಅದಕ್ಕಿಂತ ಹೆಚ್ಚು ತಡೆಯುವುದು ಕಷ್ಟ. ಬಿಚ್ಚಿ, ಒರೆಸಿ, ಹೊಸದು ಹಾಕಿ. ಬೋಲ್ಟಿನ ಕೆಳಗೆ ತಾಮ್ರದ ಅಥವಾ ರಬ್ಬರಿನ ವಾಷರ್ ಇತ್ತಾದರೆ ಅದು ವಾಪಸ್ ಅದೇ ಜಾಗಕ್ಕೆ ಹೋಗಬೇಕು. ಮ್ಯಾಗ್ನೆಟ್ ಕವರಿನ ಸಣ್ಣ ಕಿಂಡಿ ಮುಚ್ಚಳಗಳಲ್ಲೂ ಓ-ರಿಂಗ್ ಇರುತ್ತದೆ, ಅವನ್ನೂ ನೋಡಿ.

ಶಿಮ್ ಇರುವ ಎಂಜಿನ್ ಆದರೆ

ಅಳತೆಯ ವಿಧಾನ ಹೆಚ್ಚುಕಮ್ಮಿ ಇದೇ. ಆದರೆ ಬ್ಲೇಡ್ ಹೋಗುವುದು ಕ್ಯಾಮ್ ಮತ್ತು ಬಕೆಟ್ (ವಾಲ್ವಿನ ತಲೆಯ ಮೇಲೆ ಕೂರುವ ಬಟ್ಟಲು) ನಡುವೆ, ಕ್ಯಾಮಿನ ಮೂಗು ಬಕೆಟ್ಟಿನಿಂದ ಆಚೆ ತಿರುಗಿರುವಾಗ. ಸರಿಮಾಡುವುದು ಬೇರೆ ದಪ್ಪದ ಶಿಮ್ ಹಾಕಿ. ಲೆಕ್ಕ ಸರಳ: ಹಳೆಯ ಶಿಮ್ಮಿನ ದಪ್ಪಕ್ಕೆ ಈಗಿನ ಗ್ಯಾಪ್ ಕೂಡಿಸಿ, ಬೇಕಾದ ಗ್ಯಾಪ್ ಕಳೆಯಿರಿ. ಶಿಮ್ 2.60, ಈಗಿನ ಗ್ಯಾಪ್ 0.10, ಬೇಕಾದದ್ದು 0.20 ಅಂದರೆ 2.50ರ ಶಿಮ್. ಅನೇಕ ಎಂಜಿನ್ನುಗಳಲ್ಲಿ ಇದಕ್ಕೆ ಕ್ಯಾಮ್ ಶಾಫ್ಟನ್ನೇ ಎತ್ತಬೇಕು, ವಾಪಸ್ ಇಡುವಾಗ ಚೈನ್ ಒಂದು ಹಲ್ಲು ತಪ್ಪಿದರೆ ವಾಲ್ವು ಪಿಸ್ಟನ್ನಿಗೆ ತಗುಲಬಹುದು. ಅಳೆಯುವುದನ್ನು ಧೈರ್ಯವಾಗಿ ಮನೆಯಲ್ಲಿ ಮಾಡಿ. ಬದಲಿಸುವುದು ಮೊದಲ ಸಲದ ಕೆಲಸ ಅಲ್ಲ ಅನ್ನುವುದು ನನ್ನ ಅಭಿಪ್ರಾಯ.

ಯಾವಾಗ ಮೆಕ್ಯಾನಿಕ್ ಹತ್ತಿರ

ಮುಂದಿನ ಸಲ ಅಳೆದಾಗ ಚೀಟಿ ತೆಗೆದು ಹೋಲಿಸಿ. ಗ್ಯಾಪ್ ಸಡಿಲದ ಕಡೆಗೆ ಒಂದಿಷ್ಟು ಹೋಗಿದ್ದರೆ ಸೆಟ್ ಮಾಡಿ ಮುಂದುವರಿಯಿರಿ. ಪ್ರತಿ ಸಲವೂ ಎಕ್ಸಾಸ್ಟ್ ಬಿಗಿಯಾಗುತ್ತಲೇ ಬರುತ್ತಿದ್ದರೆ, ಅದರಲ್ಲೂ ಮ್ಯಾನ್ಯುಯಲ್ ಹೇಳಿದ ಅವಧಿಗಿಂತ ತುಂಬಾ ಮೊದಲೇ ಬಿಗಿಯಾಗುತ್ತಿದ್ದರೆ, ವಾಲ್ವು ಸೀಟಿನೊಳಗೆ ಇಳಿಯುತ್ತಿದೆ. ಸ್ಕ್ರೂ ಸಡಿಲಿಸುತ್ತಾ ಹೋದರೆ ಸ್ವಲ್ಪ ದಿನ ಓಡುತ್ತದೆ, ಅಷ್ಟೇ. ಹೆಡ್ ಬಿಚ್ಚಿ ವಾಲ್ವು, ಸೀಟು ನೋಡಲು ಹೇಳಿ. ಹೋಗುವಾಗ ಆ ಚೀಟಿಯನ್ನೂ ಒಯ್ಯಿರಿ, ಮೆಕ್ಯಾನಿಕ್‌ಗೆ ಅರ್ಧ ಕೆಲಸ ಕಮ್ಮಿಯಾಗುತ್ತದೆ.